ಮೆಣಸಿನಕಾಯಿ ಬಿಯರ್: ಖಾರದ ರುಚಿ ನೋಡುವ ಕ್ರಮ

ಒಣಮೆಣಸಿನಕಾಯಿಯ ವ್ಯಾಪಾರದಲ್ಲಿ ತೊಡಗಿರುವವರಿಗೆ ತಮ್ಮ ಸರಕು ಎಲ್ಲೆಲ್ಲಿಗೆ ಹೋಗುತ್ತದೆಂಬುದರ ಸ್ಥೂಲ ಕಲ್ಪನೆ ಇದ್ದೇ ಇರುತ್ತದೆ. ಮಸಾಲೆ ಪುಡಿಯ ಕಾರ್ಖಾನೆ, ಉಪ್ಪಿನಕಾಯಿ ಘಟಕ, ಕುರುಕಲು ತಿಂಡಿಯ ತಯಾರಕರು, ಬಣ್ಣಕ್ಕಾಗಿ ಕೊಳ್ಳುವ ಓಲಿಯೋರೆಸಿನ್ ಕಂಪನಿಗಳು ಇವಿಷ್ಟು ಹೇಳಿದರೆ ಪಟ್ಟಿ ಬಹುಮಟ್ಟಿಗೆ ಮುಗಿಯುತ್ತದೆ. ಈ ಪಟ್ಟಿಗೆ ಬಿಯರ್ ತಯಾರಕರನ್ನೂ ಸೇರಿಸಬೇಕೆಂದರೆ ತಮಾಷೆಯೆನಿಸಬಹುದು. ಆದರೆ ಅಮೆರಿಕದಲ್ಲಿ 1990ರ ದಶಕದಿಂದೀಚೆಗೆ ಮೆಣಸಿನಕಾಯಿ ಹಾಕಿ ತಯಾರಿಸಿದ ಬಿಯರ್ ಒಂದು ಪ್ರತ್ಯೇಕ ಬಗೆಯಾಗಿಯೇ ಬೆಳೆದಿದೆ. ಅದರ ರುಚಿಯನ್ನು ತೂಗಿ ನೋಡಲು ಕ್ರಮಬದ್ಧ ವಿಧಾನಗಳೂ ರೂಪುಗೊಂಡಿವೆ.

ಈ ಬೇಡಿಕೆಯ ಗಾತ್ರವನ್ನು ನೆನೆದು ಯಾರೂ ಮರುಳಾಗಬೇಕಿಲ್ಲ. ಒಂದು ಲೀಟರ್ ಬಿಯರಿಗೆ ಒಂದು ಗ್ರಾಂ ಒಣಮೆಣಸಿನಕಾಯಿ ಎಂದಿಟ್ಟುಕೊಂಡರೆ ಸಾವಿರ ಲೀಟರಿನ ಟ್ಯಾಂಕಿಗೆ ಬೇಕಾಗುವುದು ಒಂದೇ ಕಿಲೋ. ಮಾರುಕಟ್ಟೆಯಲ್ಲಿ ಚೀಲಗಳನ್ನು ಇಳಿಸುವಾಗ ನೆಲಕ್ಕೆ ಉದುರುವ ಕಾಯಿಯೇ ಅದಕ್ಕಿಂತ ಹೆಚ್ಚಿರುತ್ತದೆ. ವಿಷಯದ ಮಹತ್ವವಿರುವುದು ಬೇರೆಡೆಯಲ್ಲಿ. ಉಪ್ಪಿನಕಾಯಿಯಲ್ಲಾಗಲಿ ಚಟ್ನಿಪುಡಿಯಲ್ಲಾಗಲಿ ಮೆಣಸಿನಕಾಯಿಯ ದೋಷವನ್ನು ಉಪ್ಪು, ಹುಳಿ, ಎಣ್ಣೆ, ಒಗ್ಗರಣೆಗಳು ಬಹುಪಾಲು ಮುಚ್ಚಿಬಿಡುತ್ತವೆ. ಬಿಯರಿನಲ್ಲಿ ಅಂತಹ ಮರೆ ಇಲ್ಲ. ಮುಗ್ಗಲು ಕಾಯಿ, ಸುಟ್ಟ ಕಾಯಿ, ಬರಿಯ ಖಾರವಿದ್ದು ಪರಿಮಳವಿಲ್ಲದ ಕಾಯಿ ಎಲ್ಲವೂ ಲೋಟದಲ್ಲಿ ಬಯಲಾಗುತ್ತವೆ. ಆದ್ದರಿಂದ ಈ ಸಣ್ಣ ಉದ್ಯಮ ರೂಢಿಸಿಕೊಂಡಿರುವ ರುಚಿಪರೀಕ್ಷೆಯ ಕ್ರಮವು ಬಿಯರಿನ ಸಂಪರ್ಕವೇ ಇಲ್ಲದ ಮಸಾಲೆ ತಯಾರಕರಿಗೂ ಪ್ರಯೋಜನಕಾರಿ. ಮದ್ಯಪಾನಕ್ಕೆ ಪ್ರೋತ್ಸಾಹ ನೀಡುವುದು ಈ ಲೇಖನದ ಉದ್ದೇಶವಲ್ಲವೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಸೀಸೆಯೊಳಗೊಂದು ಕಾಯಿ

ದೊಡ್ಡ ಕಾರ್ಖಾನೆಗಳ ಏಕರೂಪದ ಬಿಯರಿಗೆ ಬದಲಾಗಿ, ಸಣ್ಣ ಪ್ರಮಾಣದಲ್ಲಿ, ತಯಾರಕನ ಸ್ವಂತ ಅಭಿರುಚಿಗೆ ತಕ್ಕಂತೆ ತಯಾರಾಗುವ ಬಿಯರನ್ನು 'ಕ್ರಾಫ್ಟ್ ಬಿಯರ್' ಎನ್ನುತ್ತಾರೆ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ನಿನ ವ್ಯಾಖ್ಯೆಯಂತೆ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದ ಸ್ವತಂತ್ರ ಘಟಕ 'ಸಣ್ಣ' ಘಟಕವೆನಿಸುತ್ತದೆ. ಒಂದು ಬ್ಯಾರೆಲ್ ಎಂದರೆ ಸುಮಾರು 117 ಲೀಟರ್. ಅಂದರೆ ಮಿತಿ ಸುಮಾರು 70 ಕೋಟಿ ಲೀಟರ್. ಆ ದೇಶದಲ್ಲಿ ಸಣ್ಣದೆಂಬ ಮಾತಿನ ಅಳತೆಯೇ ಬೇರೆ. ಆದರೆ ಅಲ್ಲಿನ ಬಹುಪಾಲು ಕ್ರಾಫ್ಟ್ ಘಟಕಗಳು ನಿಜಕ್ಕೂ ಚಿಕ್ಕವು. ಅನೇಕವು ಒಂದು ಊರಿನ ಅಗತ್ಯಕ್ಕೆ ಮಾತ್ರ ಸಾಲುವಂತಹವು.

ಮೆಣಸಿನಕಾಯಿ ಬಿಯರನ್ನು ಜನರ ಕಣ್ಣಿಗೆ ತಂದವುಗಳಲ್ಲಿ ಅರಿಜೋನಾ ರಾಜ್ಯದ ಕೇವ್ ಕ್ರೀಕ್ ಎಂಬ ಊರಿನ ಬಿಯರ್ ಮೊದಲಿನದು. ಅಲ್ಲಿನ ಬ್ಲ್ಯಾಕ್ ಮೌಂಟನ್ ಬ್ರೂವಿಂಗ್ ಕಂಪನಿಯು ತಿಳಿಬಣ್ಣದ ಸಾಧಾರಣ ಬಿಯರಿನ ಪ್ರತಿ ಸೀಸೆಯೊಳಗೂ ಒಂದೊಂದು ಇಡೀ ಸೆರಾನೋ ಮೆಣಸಿನಕಾಯಿಯನ್ನು ತೂರಿಸಿ ಮಾರಿತು. ಗಾಜಿನೊಳಗೆ ತೇಲುವ ಹಸಿರು ಕಾಯಿಯೇ ಜಾಹೀರಾತಾಗಿ, ಸೀಸೆ ದೂರದೂರಕ್ಕೆ ಹೋಯಿತು. ಆದರೆ ಈ ವಿಧಾನಕ್ಕೆ ಒಂದು ಮೂಲಭೂತ ತೊಡಕಿದೆ. ಒಂದೇ ಗಿಡದ ಎರಡು ಕಾಯಿಗಳ ಖಾರವೇ ಒಂದಾಗಿರುವುದಿಲ್ಲ. ಜೊತೆಗೆ ಸೀಸೆ ಅಂಗಡಿಯಲ್ಲಿ ಕುಳಿತಷ್ಟು ದಿನ ಕಾಯಿ ತನ್ನ ಖಾರವನ್ನು ಬಿಡುತ್ತಲೇ ಇರುತ್ತದೆ. ಇಂದು ಕೊಂಡ ಸೀಸೆಗೂ ಮುಂದಿನ ತಿಂಗಳು ಕೊಂಡ ಸೀಸೆಗೂ ಹೊಂದಾಣಿಕೆ ಇರಲಾರದು. ಕುತೂಹಲಕ್ಕೆ ಒಮ್ಮೆ ಕೊಳ್ಳುವವನನ್ನು ಇದು ತೃಪ್ತಿಪಡಿಸೀತು. ಎರಡನೆಯ ಬಾರಿ ಕೊಳ್ಳುವವನು ಕೇಳುವುದು ಮೊದಲಿನ ರುಚಿಯನ್ನೇ.

ನಂತರ ಬಂದವರು ಕಾಯಿಯನ್ನು ಸೀಸೆಯಿಂದ ಹೊರತೆಗೆದು ಟ್ಯಾಂಕಿಗೆ ಹಾಕಿದರು. ಆರೆಗಾನ್ ರಾಜ್ಯದ ರೋಗ್ ಕಂಪನಿಯ ಚಿಪೋಟ್ಲೆ ಏಲ್‌ನಲ್ಲಿ ಹೊಗೆಯಲ್ಲಿ ಒಣಗಿಸಿದ ಹಲಪೆನ್ಯೋ ಬಳಕೆಯಾಯಿತು. ಕ್ಯಾಲಿಫೋರ್ನಿಯಾದ ಬ್ಯಾಲಾಸ್ಟ್ ಪಾಯಿಂಟ್ ಕಂಪನಿಯು ಹಣ್ಣಿನ ಪರಿಮಳದ ಹಾಪ್ಸ್ ಇದ್ದ ತನ್ನ ಸ್ಕಲ್ಪಿನ್ ಎಂಬ ಬಿಯರಿಗೆ ಹಬನೇರೋ ಸೇರಿಸಿತು. ಹಬನೇರೋದಲ್ಲಿ ಖಾರದಷ್ಟೇ ಹಣ್ಣಿನ ಪರಿಮಳವೂ ಇರುವುದರಿಂದ ಎರಡೂ ಕೂಡಿಕೊಂಡವು. ಫ್ಲಾರಿಡಾದ ಸಿಗಾರ್ ಸಿಟಿ ಕಂಪನಿಯ ಹುನಾಪು ಎಂಬ ಕಪ್ಪು ಬಿಯರಿನಲ್ಲಿ ಕೋಕೋ, ದಾಲ್ಚಿನ್ನಿ, ವೆನಿಲಾಗಳ ಜೊತೆ ಆಂಚೋ ಮತ್ತು ಪಸಿಯಾ ಎಂಬ ಮಂದಖಾರದ ಒಣಮೆಣಸಿನಕಾಯಿಗಳಿದ್ದವು. 2008ರಲ್ಲಿ ಡಾಗ್‌ಫಿಶ್ ಹೆಡ್ ಕಂಪನಿಯು ಹೊಂಡುರಾಸ್ ದೇಶದ ಪ್ರಾಚೀನ ಮಡಕೆಗಳಲ್ಲಿ ಉಳಿದಿದ್ದ ಕೋಕೋ ಪಾನೀಯದ ಕುರುಹುಗಳನ್ನು ಆಧರಿಸಿ ಕೋಕೋ, ಜೇನು, ಮೆಣಸಿನಕಾಯಿ ಕೂಡಿದ 'ಥಿಯೋಬ್ರೋಮಾ' ಎಂಬ ಬಿಯರನ್ನು ಹೊರತಂದಿತು.

ಕೊಲರಾಡೋದ ಟ್ವಿಸ್ಟೆಡ್ ಪೈನ್ ಕಂಪನಿಯ ಸಾಹಸ ಇನ್ನೊಂದು ಬಗೆಯದು. ಅದರ 'ಗೋಸ್ಟ್ ಫೇಸ್ ಕಿಲ್ಲಾ' ಬಿಯರಿಗೆ ಆರು ತಳಿಯ ಮೆಣಸಿನಕಾಯಿಗಳು ಬಿದ್ದವು. ಅವುಗಳಲ್ಲೊಂದು ಭಾರತದ ಈಶಾನ್ಯ ರಾಜ್ಯಗಳ ಭೂತ್ ಜೊಲೊಕಿಯಾ. 2007ರಲ್ಲಿ ಗಿನ್ನೆಸ್ ದಾಖಲೆಯಲ್ಲಿ ಹತ್ತು ಲಕ್ಷ ಸ್ಕೋವಿಲ್ ಮಾನವನ್ನು ದಾಟಿದ ಕಾಯಿಯೆಂದು ಹೆಸರಾದದ್ದು ಇದೇ. ಇಂತಹ ಬಿಯರ್ ಪಂಥಕ್ಕೆ ಕುಡಿಯುವವರ ಪಾನೀಯ. ಉಳಿದವು ಹಾಗಲ್ಲ, ಅವುಗಳ ತಯಾರಕರು ಮೆಣಸಿನಕಾಯಿಯನ್ನು ಕೊಂಡದ್ದು ಖಾರಕ್ಕಿಂತ ಹೆಚ್ಚಾಗಿ ಪರಿಮಳಕ್ಕೆ.

ಖಾರ ಬಿಯರಿಗೆ ಇಳಿಯುವ ಬಗೆ

ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ತಣ್ಣೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬಹುದು. ಎಣ್ಣೆಯಲ್ಲಿಯೂ ಮದ್ಯಸಾರದಲ್ಲಿಯೂ ಅದು ಚೆನ್ನಾಗಿ ಕರಗುತ್ತದೆ. ಬಿಯರಿನ ಬಹುಭಾಗ ನೀರು. ಮದ್ಯಸಾರ ಸಾಧಾರಣ ಬಿಯರಿನಲ್ಲಿ ನೂರಕ್ಕೆ ಐದರ ಆಸುಪಾಸು, ಗಟ್ಟಿಯಾದ ಕಪ್ಪು ಬಿಯರಿನಲ್ಲಿ ಹತ್ತು ಹನ್ನೊಂದು. ಹೀಗಾಗಿ ಅದೇ ಕಾಯಿ, ಅದೇ ತೂಕ, ಅಷ್ಟೇ ಸಮಯ ನೆನೆಸಿದರೂ ಗಟ್ಟಿ ಬಿಯರಿಗೆ ಖಾರ ಹೆಚ್ಚು ಇಳಿಯುತ್ತದೆ. ಒಂದು ಬಿಯರಿಗೆ ಸರಿಹೋದ ಅಳತೆಯನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ಖಾರವಿರುವುದು ಬೀಜದಲ್ಲೆಂಬುದು ಎಲ್ಲ ದೇಶಗಳಲ್ಲೂ ಇರುವ ತಪ್ಪು ತಿಳಿವಳಿಕೆ. ಕ್ಯಾಪ್ಸೈಸಿನ್ ಉತ್ಪತ್ತಿಯಾಗುವುದು ಬೀಜಗಳು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ. ಬೀಜಕ್ಕೆ ಹತ್ತಿಕೊಳ್ಳುವುದು ಅದರ ಸ್ಪರ್ಶದಿಂದ ಬಂದ ಖಾರ. ಬೀಜದಲ್ಲಿ ನಿಜವಾಗಿ ಇರುವುದು ಎಣ್ಣೆ. ಎಣ್ಣೆ ಬಿಯರಿನ ನೊರೆಗೆ ಶತ್ರು. ಬೀಜ ತೆಗೆಯದೆ ಹಾಕಿದ ಬಿಯರಿನ ಮೇಲೆ ನೊರೆ ನಿಲ್ಲದೆ ಸೋಡದಂತೆ ಒಡೆದುಹೋಗುತ್ತದೆ. ಅನುಭವವುಳ್ಳ ತಯಾರಕರು ತೊಟ್ಟು, ಬೀಜ, ಬಿಳಿ ತಿರುಳುಗಳನ್ನು ತೆಗೆದು ಸಿಪ್ಪೆಯನ್ನಷ್ಟೇ ಬಳಸಿ, ಬೇಕೆನಿಸಿದರೆ ಸ್ವಲ್ಪ ತಿರುಳನ್ನು ಅಳತೆಯಿಂದ ಸೇರಿಸುತ್ತಾರೆ. ಪರಿಮಳ ಒಂದು ಕಡೆಯಿಂದ, ಖಾರ ಇನ್ನೊಂದು ಕಡೆಯಿಂದ ಬರುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಹಿಡಿತದಲ್ಲಿಡಬಹುದು.

ಕಾಯಿಯನ್ನು ಯಾವ ಹಂತದಲ್ಲಿ ಹಾಕಬೇಕೆಂಬುದೂ ಮುಖ್ಯ. ಮಾಲ್ಟಿನ ರಸವನ್ನು ಕುದಿಸುವಾಗ ಹಾಕಿದರೆ ಸೂಕ್ಷ್ಮ ಪರಿಮಳ ಆವಿಯಾಗಿ ಹೋಗಿ, ಬೆಂದ ತರಕಾರಿಯ ವಾಸನೆ ಉಳಿಯಬಹುದು. ಹುದುಗುವಿಕೆ ಮುಗಿದ ನಂತರ ತಂಪಾದ ಟ್ಯಾಂಕಿನಲ್ಲಿ ಬಟ್ಟೆಯ ಚೀಲದೊಳಗಿಟ್ಟು ಇಳಿಬಿಟ್ಟರೆ ಪರಿಮಳ ಉಳಿಯುತ್ತದೆ. ಆದರೆ ಖಾರ ಯಾವ ಗಳಿಗೆಯಲ್ಲಿ ಮಿತಿ ಮೀರೀತೆಂದು ಹೇಳಲಾಗದು, ದಿನಕ್ಕೆ ಎರಡು ಬಾರಿ ರುಚಿ ನೋಡಿ ಚೀಲವನ್ನು ಹೊರತೆಗೆಯಬೇಕಾಗುತ್ತದೆ. ಮೂರನೆಯದು, ಸುರಕ್ಷಿತ ಮಾರ್ಗ: ಕಾಯಿಯನ್ನು ವೋಡ್ಕಾದಂತಹ ಬಲವಾದ ಮದ್ಯಸಾರದಲ್ಲಿ ನೆನೆಸಿ ಸಾರ ತೆಗೆದು, ಅದನ್ನು ಹನಿಹನಿಯಾಗಿ ಸೇರಿಸುವುದು. ನೂರು ಮಿ.ಲೀ. ಬಿಯರಿನ ಲೋಟಗಳನ್ನು ಸಾಲಾಗಿಟ್ಟು, ಕಾಲು, ಅರ್ಧ, ಮುಕ್ಕಾಲು, ಒಂದು ಮಿ.ಲೀ. ಸಾರವನ್ನು ಕ್ರಮವಾಗಿ ಬೆರೆಸಿ ರುಚಿ ನೋಡುತ್ತಾರೆ. ಅರ್ಧ ಮಿ.ಲೀ. ಲೋಟ ಒಪ್ಪಿಗೆಯಾದರೆ ಸಾವಿರ ಲೀಟರಿಗೆ ಐದು ಲೀಟರ್ ಸಾರ. ಲೆಕ್ಕ ತಪ್ಪಿದರೂ ಹಾಳಾಗುವುದು ಒಂದು ಲೋಟ, ಇಡೀ ಟ್ಯಾಂಕಲ್ಲ.

ಮಿತಿ ಮೀರಿದ ಟ್ಯಾಂಕಿಗೆ ಪರಿಹಾರವೇ ಇಲ್ಲವೆಂದಲ್ಲ. ಮೆಣಸಿನಕಾಯಿ ಹಾಕದ ಅದೇ ಬಿಯರನ್ನು ಸ್ವಲ್ಪ ಪಕ್ಕಕ್ಕಿಟ್ಟುಕೊಂಡಿದ್ದರೆ ಬೆರೆಸಿ ತಗ್ಗಿಸಬಹುದು. ಸಾರು ಖಾರವಾದರೆ ಬೇಳೆಕಟ್ಟು ಸುರಿಯುವ ಉಪಾಯವೇ ಇದು.

ನಾಲಿಗೆಯ ಮೇಲೆ ನಡೆಯುವುದೇನು

ಖಾರ ಶಾಸ್ತ್ರೀಯವಾಗಿ ರುಚಿಯೇ ಅಲ್ಲ. ಅದು ನೋವಿನ ಮತ್ತು ಬಿಸಿಯ ಅನುಭವ. ದೇಹದ ನರಗಳಲ್ಲಿ ಸುಮಾರು 43 ಡಿಗ್ರಿ ಸೆಲ್ಷಿಯಸ್ ಮೀರಿದ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕವಿದೆ. ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ಪತ್ತೆಹಚ್ಚಿದ್ದು ಕ್ಯಾಪ್ಸೈಸಿನ್ ಸಹಾಯದಿಂದಲೇ. ಟಿಆರ್‌ಪಿವಿ1 ಎಂಬುದು ಅದರ ಹೆಸರು. ಇಂತಹ ಗ್ರಾಹಕಗಳ ಸಂಶೋಧನೆಗಾಗಿ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರೊಡನೆ ನೊಬೆಲ್ ಪ್ರಶಸ್ತಿ ದೊರೆಯಿತು. ಮೆಣಸಿನಕಾಯಿ ಕಚ್ಚಿದಾಗ ಬಾಯಿ ಉರಿಯುತ್ತದೆ ಎನ್ನುವುದು ಅಲಂಕಾರದ ಮಾತಲ್ಲ. ನರಗಳು ಮಿದುಳಿಗೆ ಕಳುಹಿಸುವ ಸುದ್ದಿಯೇ ಬೆಂಕಿಯದು.

ಬಿಯರಿಗೆ ಸಂಬಂಧಿಸಿದ ವಿಶೇಷ ಇದರ ಮುಂದಿದೆ. ಮದ್ಯಸಾರವೂ ಅದೇ ಗ್ರಾಹಕವನ್ನು ಕೆರಳಿಸುತ್ತದೆ. 2002ರಲ್ಲಿ ಪ್ರಕಟವಾದ ಸಂಶೋಧನೆಯ ಪ್ರಕಾರ ಮದ್ಯಸಾರದ ಸಮ್ಮುಖದಲ್ಲಿ ಆ ಗ್ರಾಹಕ ಎಚ್ಚರಗೊಳ್ಳುವ ಉಷ್ಣಾಂಶ ಸುಮಾರು 42 ಡಿಗ್ರಿಯಿಂದ 34 ಡಿಗ್ರಿಗೆ ಇಳಿಯುತ್ತದೆ. ಅಂದರೆ ಬಾಯಿಯ ಸಹಜ ಬಿಸಿಯೇ ಅದನ್ನು ಕೆರಳಿಸಲು ಸಾಕು. ಅನಿಲದ ಗುಳ್ಳೆಗಳ ಚುರುಕು ಇದರ ಮೇಲೆ. ಇವುಗಳಿಗೆ ಎದುರಾಗಿ ನಿಲ್ಲುವವು ಎರಡು: ತಂಪು ಮತ್ತು ಸಿಹಿ. ಮಂಜಿನಂತೆ ತಣ್ಣಗಿರುವ ಬಿಯರಿನಲ್ಲಿ ಖಾರ ಅಡಗಿ ಕುಳಿತಿರುತ್ತದೆ. ಲೋಟ ಮೇಜಿನ ಮೇಲೆ ಬೆಚ್ಚಗಾದಂತೆ ಮೇಲೇಳುತ್ತದೆ. ಮಾಲ್ಟಿನ ಸಿಹಿ ಉಳಿದಿರುವ ಕಪ್ಪು ಬಿಯರ್ ಖಾರವನ್ನು ತಡೆದುಕೊಳ್ಳುತ್ತದೆ; ಒಣ, ಕಹಿ ಬಿಯರಿನಲ್ಲಿ ಅದೇ ಖಾರ ಚಾಕುವಿನಂತಿರುತ್ತದೆ.

ಖಾರಕ್ಕೆ ಕಾಲದ ಲೆಕ್ಕವೂ ಉಂಟು. ಸಿಹಿ, ಹುಳಿಗಳು ತಕ್ಷಣ ತಿಳಿಯುತ್ತವೆ. ಖಾರ ಕೆಲವು ಸೆಕೆಂಡು ತಡವಾಗಿ ಏರಿ, ನಿಧಾನವಾಗಿ ಇಳಿಯುತ್ತದೆ. ಇಳಿಯುವ ಮೊದಲೇ ಎರಡನೆಯ ಗುಟುಕು ಬಿದ್ದರೆ ಹಳೆಯದರ ಮೇಲೆ ಹೊಸದು ಸೇರಿಕೊಂಡು ಉರಿ ಹೆಚ್ಚುತ್ತಾ ಹೋಗುತ್ತದೆ. ಕೆಲವು ನಿಮಿಷಗಳ ವಿರಾಮ ಕೊಟ್ಟು ಮತ್ತೆ ಕುಡಿದರೆ ಇದರ ವಿಲೋಮ: ನಾಲಿಗೆ ಮರಗಟ್ಟಿ, ಅದೇ ಖಾರ ಕಡಿಮೆಯೆನಿಸುತ್ತದೆ. ಒಂದೇ ಬಿಯರ್ ಒಬ್ಬನೇ ಮನುಷ್ಯನಿಗೆ ಹತ್ತು ನಿಮಿಷದಲ್ಲಿ ಎರಡು ಬಗೆಯಾಗಿ ಕಾಣುವುದಾದರೆ, ಒಂದು ಗುಟುಕಿನ ಮೇಲೆ ತೀರ್ಪು ಕೊಡುವುದು ಹೇಗೆ? ಮಾದರಿಯ ಪುಡಿಯನ್ನು ಬೆರಳ ತುದಿಯಲ್ಲಿ ನೆಕ್ಕಿ 'ಖಾರ ಸರಿಯಿದೆ' ಎಂದು ಖರೀದಿ ಮುಗಿಸುವವರೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಪರೀಕ್ಷಕರ ಮೇಜು

ಬಿಯರ್ ಸ್ಪರ್ಧೆಗಳ ತೀರ್ಪುಗಾರರಿಗೆ ತರಬೇತಿ ಕೊಡುವ ಬಿಜೆಸಿಪಿ ಎಂಬ ಅಮೆರಿಕದ ಸಂಸ್ಥೆಯ ಅಂಕಪಟ್ಟಿ 50 ಅಂಕಗಳದು. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಯೊಳಗಿನ ಸ್ಪರ್ಶಕ್ಕೆ 5, ಒಟ್ಟು ಅಭಿಪ್ರಾಯಕ್ಕೆ 10. ಮೆಣಸಿನಕಾಯಿಯ ಉರಿ ಸೇರುವುದು ಸ್ಪರ್ಶದ ಖಾನೆಗೆ. ಅಂದರೆ ಐವತ್ತರಲ್ಲಿ ಐದು. ಪರಿಮಳ ಮತ್ತು ರುಚಿಗಳೆರಡೂ ಕೂಡಿ 32. ಖಾರವೊಂದನ್ನೇ ನಂಬಿ ಸ್ಪರ್ಧೆಗೆ ಬಂದ ಬಿಯರ್ ಗೆಲ್ಲುವುದಿಲ್ಲವೇಕೆಂಬುದಕ್ಕೆ ಈ ಅಂಕಗಳೇ ಉತ್ತರ. ಜೊತೆಗೆ ಇದೇ ಸಂಸ್ಥೆಯ ನಿಯಮಾವಳಿ ಇನ್ನೊಂದು ಮಾತನ್ನು ಹೇಳುತ್ತದೆ: ಸೇರಿಸಿದ ವಸ್ತು ಮತ್ತು ಮೂಲ ಬಿಯರ್ ಹೊಂದಿಕೊಂಡಿರಬೇಕು, ಒಂದು ಇನ್ನೊಂದನ್ನು ನುಂಗಬಾರದು.

ಪರೀಕ್ಷೆ ಮೂಗಿನಿಂದ ಆರಂಭವಾಗುತ್ತದೆ. ಬಾಯಿ ಕಿರಿದಾದ ಗಾಜಿನ ಲೋಟಕ್ಕೆ ಸ್ವಲ್ಪವೇ ಬಿಯರ್ ಸುರಿದು, ತೀರ ತಣ್ಣಗಿದ್ದರೆ ಕೊಂಚ ಬೆಚ್ಚಗಾಗಲು ಬಿಟ್ಟು, ತುಟಿಗೆ ತಾಗಿಸುವ ಮೊದಲೇ ಮೂಸುತ್ತಾರೆ. ಕ್ಯಾಪ್ಸೈಸಿನ್‌ಗೆ ವಾಸನೆಯಿಲ್ಲ, ಆದ್ದರಿಂದ ಮೂಗಿಗೆ ಸಿಗುವುದೆಲ್ಲವೂ ಕಾಯಿಯ ಗುಣ. ಹಸಿ ಹಲಪೆನ್ಯೋದಲ್ಲಿ ಡೊಣ್ಣೆಮೆಣಸಿನಕಾಯಿಯ ಹಸಿರು ವಾಸನೆ ಇರುತ್ತದೆ. ಇದಕ್ಕೆ ಕಾರಣವಾದ ಪೈರಜೀನ್ ಜಾತಿಯ ಸಂಯುಕ್ತ ಎಷ್ಟು ಪ್ರಬಲವೆಂದರೆ, ನೀರಿನ ಲಕ್ಷ ಕೋಟಿ ಭಾಗಗಳಲ್ಲಿ ಎರಡು ಭಾಗವಿದ್ದರೂ ಮೂಗು ಗುರುತಿಸಬಲ್ಲದು. ಹೊಗೆಯಾಡಿಸಿದ ಚಿಪೋಟ್ಲೆಯಲ್ಲಿ ಸೌದೆ ಒಲೆಯ ನೆನಪು, ಆಂಚೋದಲ್ಲಿ ಒಣದ್ರಾಕ್ಷಿಯ ಛಾಯೆ, ಹಬನೇರೋದಲ್ಲಿ ಮಾಗಿದ ಹಣ್ಣು. ಕನ್ನಡದ ಅಡುಗೆಮನೆಯಲ್ಲಿ ಖಾರಕ್ಕೂ ಘಾಟಿಗೂ ಬೇರೆ ಬೇರೆ ಪದಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಈ ವಿವೇಚನೆ ಇಂಗ್ಲಿಷಿನ ಪರೀಕ್ಷಕರಿಗೆ ಒಂದೇ ಪದದಲ್ಲಿ ಸಿಗುವುದಿಲ್ಲ.

ನಂತರ ಮೊದಲ ಗುಟುಕು. ದ್ರಾಕ್ಷಾರಸದ ಪರೀಕ್ಷಕರಂತೆ ಬಿಯರ್ ಪರೀಕ್ಷಕರು ಉಗುಳುವುದಿಲ್ಲ, ನುಂಗುತ್ತಾರೆ. ಕಹಿಯೂ ಖಾರವೂ ಕೊನೆಗೆ ನಿಲ್ಲುವುದು ಗಂಟಲಿನಲ್ಲಿ. ನುಂಗಿದ ಕೂಡಲೇ ಬರೆಯದೆ ಅರ್ಧ ನಿಮಿಷ ಕಾಯುತ್ತಾರೆ: ಉರಿ ಎಲ್ಲಿ ಹುಟ್ಟಿತು, ತುಟಿಯಲ್ಲೋ ನಾಲಿಗೆಯಲ್ಲೋ ಗಂಟಲಿನಲ್ಲೋ, ಎಷ್ಟು ಹೊತ್ತು ಉಳಿಯಿತು, ಉರಿಯ ನಡುವೆ ಮಾಲ್ಟಿನ ರುಚಿ ತಿಳಿಯಿತೋ ಇಲ್ಲವೋ. ಮೂರನೆಯ ಗುಟುಕಿನ ನಂತರವೇ ತೀರ್ಮಾನ. ಕೇಳಿಕೊಳ್ಳುವ ಪ್ರಶ್ನೆ ಬಹಳ ಲೌಕಿಕವಾದದ್ದು: ಈ ಲೋಟವನ್ನು ಮುಗಿಸಬಹುದೇ? ಗುಟುಕಿಗೆ ಚೆನ್ನಾಗಿದ್ದು ಲೋಟಕ್ಕೆ ಸಾಗದ ಬಿಯರ್ ಜಾತ್ರೆಯ ಅಂಗಡಿಯಲ್ಲಿ ಮಾರಾಟವಾದೀತು, ದಿನನಿತ್ಯದ ವ್ಯಾಪಾರಕ್ಕೆ ಒದಗದು.

ಹಲವು ಮಾದರಿಗಳಿದ್ದರೆ ಮಂದದಿಂದ ತೀಕ್ಷ್ಣಕ್ಕೆ ಹೋಗಬೇಕು. ಬೇರೆ ಬಗೆಯ ಬಿಯರುಗಳೂ ಇದ್ದರೆ ಮೆಣಸಿನಕಾಯಿಯದನ್ನು ಕೊನೆಗಿಡುವುದು ರೂಢಿ. ಮೊದಲಿಟ್ಟರೆ ಹಿಂದೆ ಬರುವುದೆಲ್ಲ ಸಪ್ಪೆ. ನಡುವೆ ಬಾಯಿ ಶುದ್ಧಮಾಡಿಕೊಳ್ಳಲು ನೀರು ಸಾಲದು, ಏಕೆಂದರೆ ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ. ಹಾಲು, ಮೊಸರು, ಉಪ್ಪಿಲ್ಲದ ಬ್ರೆಡ್ಡು ಕೆಲಸಮಾಡುತ್ತವೆ. ಹಾಲಿನ ಕೇಸೀನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್ನನ್ನು ಹಿಡಿದುಕೊಂಡು ಹೋಗುತ್ತದೆ. ಖಾರ ಹತ್ತಿದ ಮಗುವಿಗೆ ನೀರಿನ ಬದಲು ಮಜ್ಜಿಗೆ ಕೊಡುವ ಅಜ್ಜಿಯ ಕ್ರಮವೂ ಇದೇ. ಆದರೆ ಹಾಲಿನ ಜಿಡ್ಡು ಬಾಯಲ್ಲಿ ಉಳಿದರೆ ಮುಂದಿನ ಬಿಯರಿನ ರುಚಿ ಕೆಡುವುದರಿಂದ ಕೊನೆಗೆ ನೀರಿನಿಂದ ಮುಕ್ಕಳಿಸಿ, ಕೆಲವು ನಿಮಿಷ ಕಾಯುವುದು ಅನಿವಾರ್ಯ.

ಪರೀಕ್ಷಕರ ಆಯ್ಕೆ ಇನ್ನೊಂದು ಸೂಕ್ಷ್ಮ. ರೊಟ್ಟಿಯ ಜೊತೆ ದಿನವೂ ಕೆಂಪು ಖಾರ ತಿಂದು ಬೆಳೆದವನಿಗೆ ಮಂದವೆನಿಸಿದ್ದು ಇನ್ನೊಬ್ಬನ ಕಣ್ಣಲ್ಲಿ ನೀರು ತರಿಸೀತು. ಖಾರ ತಿನ್ನುವವರಿಂದಲೇ ತುಂಬಿದ ಮೇಜು ಪ್ರತಿ ಬಾರಿಯೂ 'ಇನ್ನೂ ಸ್ವಲ್ಪ ಹಾಕಿ' ಎನ್ನುತ್ತದೆ. ಸರಕು ಮಾತ್ರ ಬೇರೆ ಊರಿನಲ್ಲಿ ಮಾರಾಟವಾಗದೆ ಉಳಿಯುತ್ತದೆ. ಕೊಳ್ಳುವವರು ಯಾರೋ ಅಂತಹವರನ್ನೇ ಮೇಜಿಗೆ ಕರೆಯಬೇಕು.

ಎರಡು ತಯಾರಿಕೆಗಳಲ್ಲಿ ವ್ಯತ್ಯಾಸವಿದೆಯೇ ಎಂದು ತಿಳಿಯಲು 'ತ್ರಿಕೋನ ಪರೀಕ್ಷೆ' ಬಳಕೆಯಲ್ಲಿದೆ. ಇದು 1940ರ ದಶಕದಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬಿಯರ್ ಕಾರ್ಖಾನೆಯಲ್ಲಿ ರೂಪುಗೊಂಡದ್ದು. ಪರೀಕ್ಷಕನಿಗೆ ಮೂರು ಲೋಟ ಕೊಡುತ್ತಾರೆ. ಎರಡರಲ್ಲಿ ಒಂದೇ ಬಿಯರ್, ಒಂದರಲ್ಲಿ ಬೇರೆಯದು. ಬೇರೆಯದನ್ನು ಗುರುತಿಸಬೇಕು. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಬ್ಬನದು ಸರಿಯಾಗುತ್ತದೆ. ಆದ್ದರಿಂದ ಹನ್ನೆರಡು ಮಂದಿಯಲ್ಲಿ ಎಂಟು ಜನರಾದರೂ ಸರಿಯಾಗಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜವೆಂದು ಒಪ್ಪುತ್ತಾರೆ, ಇಪ್ಪತ್ನಾಲ್ಕು ಮಂದಿಯಿದ್ದರೆ ಹದಿಮೂರು. ಸಂಖ್ಯಾಶಾಸ್ತ್ರಕ್ಕೆ ಬಿಯರ್ ಉದ್ಯಮದ ಋಣ ಇದೊಂದೇ ಅಲ್ಲ. 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ 1908ರಲ್ಲಿ ಸಣ್ಣ ಮಾದರಿಗಳ ಪರೀಕ್ಷಾ ಸೂತ್ರವನ್ನು ಪ್ರಕಟಿಸಿದ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಖಾರದ ಪದಾರ್ಥಕ್ಕೆ ತ್ರಿಕೋನ ಪರೀಕ್ಷೆ ಮಾಡುವಾಗ ಒಂದು ಎಚ್ಚರಿಕೆ ಅಗತ್ಯ: ಮೊದಲ ಲೋಟದ ಉರಿ ಮೂರನೆಯದರ ಮೇಲೆ ಬೀಳುವುದರಿಂದ ಲೋಟಗಳ ಕ್ರಮವನ್ನು ಒಬ್ಬೊಬ್ಬರಿಗೆ ಒಂದೊಂದು ಬಗೆಯಾಗಿ ಬದಲಿಸಬೇಕು. ಸಂಡಿಗೆ, ಚಟ್ನಿಪುಡಿ, ಖಾರಾಸೇವೆ ತಯಾರಿಸುವ ಘಟಕದಲ್ಲಿಯೂ ಹನ್ನೆರಡು ಜನ, ಮೂರು ಬಟ್ಟಲು, ಒಂದು ಕಾಗದ ಇದ್ದರೆ ಈ ಪರೀಕ್ಷೆ ನಡೆಯುತ್ತದೆ, ಯಂತ್ರದ ಖರ್ಚಿಲ್ಲ.

ಸ್ಕೋವಿಲ್ ಅಂಕಿ ಹೇಳುವುದೆಷ್ಟು

ಅಮೆರಿಕದ ಔಷಧಶಾಸ್ತ್ರಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಪರೀಕ್ಷೆಯೂ ನಾಲಿಗೆಯದೇ. ಮೆಣಸಿನಕಾಯಿಯ ಸಾರವನ್ನು ಸಕ್ಕರೆ ನೀರಿನಲ್ಲಿ ಎಷ್ಟು ಪಟ್ಟು ತೆಳುಗೊಳಿಸಿದಾಗ ಖಾರ ತಿಳಿಯದಂತಾಗುತ್ತದೆಯೋ ಅಷ್ಟು ಅದರ ಅಂಕಿ. ಈಗ ಎಚ್‌ಪಿಎಲ್‌ಸಿ ಯಂತ್ರದಿಂದ ಕ್ಯಾಪ್ಸೈಸಿನ್ ಬಳಗದ ಪ್ರಮಾಣವನ್ನು ಅಳೆದು ಸ್ಕೋವಿಲ್ ಮಾನಕ್ಕೆ ಪರಿವರ್ತಿಸುತ್ತಾರೆ. ಶುದ್ಧ ಕ್ಯಾಪ್ಸೈಸಿನ್‌ನ ಅಂಕಿ 160 ಲಕ್ಷ. ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ 16 ಮಾನ. ಹಲಪೆನ್ಯೋ ಕೆಲವು ಸಾವಿರದ್ದು, ಹಬನೇರೋ ಲಕ್ಷಗಳದ್ದು.

ಲೆಕ್ಕ ಸುಲಭ. 32,000 ಮಾನದ ಒಣಮೆಣಸಿನಕಾಯಿಯ ಒಂದು ಗ್ರಾಂನಲ್ಲಿ ಸುಮಾರು ಎರಡು ಮಿಲಿಗ್ರಾಂ ಖಾರದ ಅಂಶವಿರುತ್ತದೆ. ಅದೆಲ್ಲವೂ ಒಂದು ಲೀಟರ್ ಬಿಯರಿಗೆ ಇಳಿದರೆ ಬಿಯರಿನ ಅಂಕಿ ಸುಮಾರು 32. ಕಾಗದದ ಮೇಲೆ ಸಣ್ಣದೆನಿಸಿದರೂ ಬಾಯಿಗೆ ಸ್ಪಷ್ಟವಾಗಿ ತಿಳಿಯುವಷ್ಟು ಇದು. ಆದರೆ ಎಲ್ಲವೂ ಇಳಿಯುವುದಿಲ್ಲ. ಎಷ್ಟು ಇಳಿಯುತ್ತದೆಂಬುದನ್ನು ಮದ್ಯಸಾರ, ಉಷ್ಣಾಂಶ, ಸಮಯಗಳು ನಿರ್ಧರಿಸುತ್ತವೆ. ಅಂಕಿಯಿಂದ ಆರಂಭಿಸಿ ನಾಲಿಗೆಯಿಂದ ಮುಗಿಸುವುದು ತಯಾರಕರು ಕಂಡುಕೊಂಡ ಮಾರ್ಗ.

ಅತ್ತ ದಾಖಲೆಯ ಅಂಕಿಗಳು ಏರುತ್ತಲೇ ಇವೆ: 2013ರಲ್ಲಿ ಕ್ಯಾರೊಲಿನಾ ರೀಪರ್, 2023ರಲ್ಲಿ 26 ಲಕ್ಷ ದಾಟಿದ ಪೆಪ್ಪರ್ ಎಕ್ಸ್. ಪತ್ರಿಕೆಗಳಿಗೆ ಇವು ಸುದ್ದಿ. ಪರಿಮಳಕ್ಕೆ ಬೆಲೆ ಕೊಡುವ ತಯಾರಕನಿಗೆ ಇಂತಹ ಕಾಯಿ ತೊಡಕಿನದು. ಪರಿಮಳ ತಿಳಿಯುವಷ್ಟು ಹಾಕಿದರೆ ಬಿಯರನ್ನು ಬಾಯಿಗಿಡಲಾಗದು.

ಬ್ಯಾಡಗಿಯ ಕಾಯಿಗೆ ಇಲ್ಲಿರುವ ಸ್ಥಾನ

ಬ್ಯಾಡಗಿ ಮೆಣಸಿನಕಾಯಿಯನ್ನು ಗುಂಟೂರಿನದರೊಡನೆ ಹೋಲಿಸುವಾಗ 'ಖಾರ ಕಡಿಮೆ' ಎಂಬ ಮಾತು ಸಾಮಾನ್ಯವಾಗಿ ಕೊರತೆಯ ಧ್ವನಿಯಲ್ಲಿ ಬರುತ್ತದೆ. ಮೇಲಿನ ವಿವರಗಳ ಬೆಳಕಿನಲ್ಲಿ ನೋಡಿದರೆ ಅದೇ ಅದರ ಅರ್ಹತೆ. ಖಾರ ಕಡಿಮೆಯಿರುವ, ಸುಕ್ಕುಸುಕ್ಕಾದ, ಗಾಢ ಕೆಂಪಿನ ಡಬ್ಬಿ ಮತ್ತು ಕಡ್ಡಿ ಕಾಯಿಗಳನ್ನು ಹೆಚ್ಚು ಪ್ರಮಾಣದಲ್ಲಿ ಹಾಕಬಹುದು. ಬಣ್ಣವೂ ಪರಿಮಳವೂ ಬಂದು ಬಾಯಿ ಸುಡುವುದಿಲ್ಲ. ಮೆಕ್ಸಿಕೋದ ಆಂಚೋ, ಪಸಿಯಾಗಳಿಗೆ ಅಮೆರಿಕದ ಬಿಯರಿನಲ್ಲಿ ಬೆಲೆ ಬಂದದ್ದು ಈ ಕಾರಣಕ್ಕೇ.

ಮೆಕ್ಸಿಕೋದ ವ್ಯಾಪಾರಿಗಳಿಂದ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಸಿರಾಗಿರುವಾಗ ಹಲಪೆನ್ಯೋ ಎನಿಸುವ ಕಾಯಿ ಹಣ್ಣಾಗಿ ಹೊಗೆಯಲ್ಲಿ ಒಣಗಿದಾಗ ಚಿಪೋಟ್ಲೆ. ಪೊಬ್ಲಾನೋ ಒಣಗಿದರೆ ಆಂಚೋ. ಚಿಲಾಕಾ ಒಣಗಿದರೆ ಪಸಿಯಾ. ಒಂದೇ ಬೆಳೆ, ಸಂಸ್ಕರಣೆಗೆ ತಕ್ಕಂತೆ ಎರಡು ಸರಕು, ಎರಡು ಹೆಸರು, ಎರಡು ಬೆಲೆ. ಹೆಸರಿನ ವಿಷಯದಲ್ಲಿ ಸ್ಪೇನಿನವರಿಗೂ ಕನ್ನಡಿಗರಿಗೂ ಒಂದು ಹೋಲಿಕೆ ಇರುವುದು ಕುತೂಹಲಕರ. ಹೊಸ ಜಗತ್ತಿನ ಈ ಕಾಯಿಯನ್ನು ಸ್ಪೇನಿನವರು ಕರಿಮೆಣಸಿನ ಹೆಸರಿನಿಂದ 'ಪಿಮಿಯೆಂತೋ' ಎಂದು ಕರೆದರು. ಕನ್ನಡವೂ ಮೊದಲೇ ಬಲ್ಲ ಮೆಣಸಿನ ಹೆಸರಿಗೆ ಕಾಯಿ ಸೇರಿಸಿ ಅದನ್ನು ಬರಮಾಡಿಕೊಂಡಿತು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ನೋಂದಣಿ ದೊರೆಯಿತು. ಅದೇ ವರ್ಷ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯವೂ ತನ್ನ ನೆಲದಲ್ಲಿ ಬೆಳೆಯದ ಕಾಯಿಯನ್ನು ನ್ಯೂ ಮೆಕ್ಸಿಕೋ ಮೆಣಸಿನಕಾಯಿ ಎಂದು ಮಾರುವುದನ್ನು ತಡೆಯುವ ಕಾನೂನು ಮಾಡಿತು. ಹೆಸರು ಉಳಿಯಬೇಕಾದರೆ ಚೀಲದಲ್ಲಿ ಬೆರಕೆ ಇರಬಾರದು. ಪರಿಮಳಕ್ಕಾಗಿ ಕೊಳ್ಳುವವನು ಬೆರಕೆಯನ್ನು ಬಣ್ಣಕ್ಕಾಗಿ ಕೊಳ್ಳುವವನಿಗಿಂತ ಬೇಗ ಹಿಡಿಯುತ್ತಾನೆ. ಇಂತಹ ಗಿರಾಕಿಗಳು ಪುಡಿಯನ್ನು ಕೇಳದೆ ಇಡೀ ಕಾಯಿಯನ್ನೇ ಕೇಳುವುದಕ್ಕೂ ಕಾರಣವಿದೆ. ಪುಡಿ ಬಿಯರನ್ನು ಕದಡುತ್ತದೆ. ಅದಕ್ಕಿಂತ ಮುಖ್ಯವಾಗಿ, 2003ರಿಂದ 2005ರವರೆಗೆ ಯುರೋಪಿನಲ್ಲಿ ಮೆಣಸಿನಪುಡಿಯಲ್ಲಿ ನಿಷಿದ್ಧ ಸುಡಾನ್ ಬಣ್ಣ ಪತ್ತೆಯಾಗಿ ನೂರಾರು ಉತ್ಪನ್ನಗಳನ್ನು ಹಿಂಪಡೆದ ನೆನಪು ಕೊಳ್ಳುವವರಲ್ಲಿ ಇನ್ನೂ ಹಸಿಯಾಗಿದೆ. ಮುಗ್ಗಿದ ಕಾಯಿಯ ವಿಷಯದಲ್ಲಿಯೂ ಹೀಗೆಯೇ: ಯುರೋಪಿನ ಒಕ್ಕೂಟ ಮೆಣಸಿನಕಾಯಿಯಲ್ಲಿ ಅಫ್ಲಟಾಕ್ಸಿನ್ ಬಿ1ಕ್ಕೆ ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಟಾಕ್ಸಿನ್‌ಗೆ 10 ಮೈಕ್ರೋಗ್ರಾಂ ಮಿತಿ ಇಟ್ಟಿದೆ. ಒಣಗಿಸುವ ಕಣದಲ್ಲಿ ಆದ ತಪ್ಪನ್ನು ಯಾವ ರುಚಿಪರೀಕ್ಷೆಯೂ ಸರಿಪಡಿಸಲಾರದು.

ಬೆಂಗಳೂರಿನಲ್ಲಿ 2010ರ ದಶಕದಿಂದ ಸ್ಥಳದಲ್ಲೇ ಬಿಯರ್ ತಯಾರಿಸಿ ಬಡಿಸುವ ಮೈಕ್ರೋಬ್ರೂವರಿಗಳು ಬೆಳೆದಿವೆ. ಅವುಗಳಿಗೆ ಕಾಯಿ ಪೂರೈಸುವ ವಿಚಾರವಿರುವವರು ಎರಡು ಅಂಶಗಳನ್ನು ತಿಳಿದಿರಬೇಕು. ಮದ್ಯಸಾರದಲ್ಲಿ ನೆನೆಸಿದ ಸಾರವನ್ನು ವ್ಯಾಪಾರಿಯೇ ತಯಾರಿಸಿ ಮಾರಹೊರಟರೆ ಅದು ಕರ್ನಾಟಕ ಅಬಕಾರಿ ಅಧಿನಿಯಮ, 1965ರ ವ್ಯಾಪ್ತಿಗೆ ಬರುತ್ತದೆ; ಪರವಾನಗಿಯಿಲ್ಲದೆ ಕೈಹಾಕುವಂತಿಲ್ಲ. ಕಾಯಿಯನ್ನಷ್ಟೇ ಮಾರುವುದಕ್ಕೆ ಈ ತೊಡಕಿಲ್ಲ. ಎರಡನೆಯದಾಗಿ, ಮಾನವ ಸೇವನೆಯ ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಕಾಯಿಯ ಮೇಲೆ ಕೊಟ್ಟ ತೆರಿಗೆಗೆ ಬಿಯರ್ ತಯಾರಕನಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಸಿಗುವುದಿಲ್ಲ. ಅವನು ದರ ಕೇಳುವಾಗ ತೆರಿಗೆ ಸೇರಿಸಿಯೇ ಲೆಕ್ಕ ಹಾಕುತ್ತಾನೆ.

ಮಾದರಿ ಕಳುಹಿಸುವಾಗ ತೊಟ್ಟು ತೆಗೆದ, ಒಂದೇ ಲಾಟಿನ ಕಾಯಿಯನ್ನು ಗಾಳಿಯಾಡದ ಎರಡು ಪೊಟ್ಟಣಗಳಲ್ಲಿ ಕಟ್ಟಿ, ತಳಿ, ಬೆಳೆದ ಊರು, ಕೊಯ್ಲಿನ ತಿಂಗಳು, ಲಾಟಿನ ಸಂಖ್ಯೆಗಳನ್ನು ಬರೆಯುವುದು ಸೂಕ್ತ. ಒಂದು ಪೊಟ್ಟಣ ಗಿರಾಕಿಗೆ. ಇನ್ನೊಂದು ವ್ಯಾಪಾರಿಯ ಶೀತಲಗೃಹದಲ್ಲಿ. ಮುಂದಿನ ವರ್ಷ ಹೊಸ ಬೆಳೆ ಬಂದಾಗ 'ಹೋದ ಸಲದ ಹಾಗಿಲ್ಲ' ಎಂಬ ದೂರು ಬಂದರೆ, ಆ ಪೊಟ್ಟಣ ಬಿಚ್ಚಿ, ಮೂರು ಲೋಟಗಳನ್ನಿಟ್ಟು, ಹನ್ನೆರಡು ಜನರನ್ನು ಕರೆದರೆ ಉತ್ತರ ಸಿಗುತ್ತದೆ.